ನೈವಾಶದ ಮೌನದ ಬಗ್ಗೆ ಪ್ರಶಾಂತನಿಗೆ

ಮೂಡಿಗೆರೆ

ಚಿ. ಪ್ರಶಾಂತನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಕಡೆಯ ಸುದ್ದಿಯನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಕೆನ್ಯಾದ ನೈವಾಶದಲ್ಲಿ ನೀನು ಕೆಲಸ ಮಾಡುವ ಹೂತೋಟದಿಂದ ಕಳಿಸಿದ ಪತ್ರದ ಕೊನೆಗೆ ಬರೆದಿದ್ದೀಯಲ್ಲ, "ಗುಲಾಬಿ ಕೊಯ್ಯುವವರೆಲ್ಲ ನಗುನಗುತ್ತ ಇರುತ್ತಾರೆ, ಆದರೆ 2008ರ ಜನವರಿ ಬಗ್ಗೆ ಒಬ್ಬರೂ ಬಾಯಿ ಬಿಡುವುದಿಲ್ಲ, ನನಗೆ ಆ ಮೌನವೇ ಭಯ" ಅಂತ. ಅದನ್ನು ಓದಿದ ಮೇಲೆ ನನಗೆ ಸಮಾಧಾನವಿಲ್ಲ.

ಅವರು ಯಾಕೆ ಮಾತಾಡಬೇಕು ಹೇಳು? 2007ರ ಡಿಸೆಂಬರ್ 27ಕ್ಕೆ ಅಧ್ಯಕ್ಷರ ಚುನಾವಣೆಯ ಮತದಾನವಾಯಿತು. 30ಕ್ಕೆ ಆಗಿನ ಅಧ್ಯಕ್ಷ ಕಿಬಾಕಿಯೇ ಗೆದ್ದರೆಂದು ಘೋಷಿಸಿ ಅದೇ ಸಂಜೆ ಪ್ರಮಾಣವಚನವನ್ನೂ ಮುಗಿಸಿದರು. ಎಣಿಕೆಯಲ್ಲಿ ಮೋಸವಾಯಿತೆಂದು ಗಲಭೆ ಎದ್ದು, ಆಮೇಲಿನ ಎರಡು ತಿಂಗಳಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು, ಆರು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟರು. ಎಲ್ಡೊರೆಟ್ ಪಟ್ಟಣದ ಕಡೆ ಕಿಬಾಕಿಯ ಜನಾಂಗದ ಕಿಕುಯುಗಳನ್ನು ಕೊಂದದ್ದಕ್ಕೆ ಸೇಡೆಂದು ನಿಮ್ಮ ನೈವಾಶದಲ್ಲಿ ಎದುರು ಪಕ್ಷದ ಕಡೆಯ ಲುವೊ ಜನಾಂಗದವರ ಮನೆಗೆ ಬೆಂಕಿ ಇಟ್ಟರು, ಒಂದೇ ಮನೆಯಲ್ಲಿ 19 ಜನ ಬೆಂದುಹೋದರು. ಇಟ್ಟವರಲ್ಲಿ ಶಿಕ್ಷೆಯಾದದ್ದು ತೀರಾ ಕೆಲವರಿಗೆ. ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನಲ್ಲಿ, ಗಲಭೆ ಮಾಡಿಸಿದರೆಂದು ರಾಜಕಾರಣಿ ಉಹುರು ಕೆನ್ಯಾಟಾ ಮೇಲೆ ಹೊರಿಸಿದ್ದ ಆರೋಪವನ್ನು 2014ರಲ್ಲಿ ಹಿಂತೆಗೆದುಕೊಂಡರು, ಇನ್ನೊಬ್ಬ ರಾಜಕಾರಣಿ ರೂಟೊ ಮೇಲಿನ ಮೊಕದ್ದಮೆ 2016ರಲ್ಲಿ ನಿಂತುಹೋಯಿತು. ಎದುರು ಪಾಳೆಯಗಳಲ್ಲಿದ್ದ ಈ ಇಬ್ಬರೂ ಅಷ್ಟರೊಳಗೆ ಒಂದಾಗಿ 2013ರ ಚುನಾವಣೆ ಗೆದ್ದಾಗಿತ್ತು. ದೊಡ್ಡವರು ಒಂದಾದರು, ಸುಟ್ಟ ಮನೆಯವಳ ಹತ್ತಿರ ಯಾರೂ ಬಂದು ಕೂರಲಿಲ್ಲ. ಬಾಯಿ ಬಿಟ್ಟು ಏನೂ ಸಿಗದಿದ್ದಾಗ ಜನ ಸುಮ್ಮನಾಗುತ್ತಾರೆ.

ಹಾಗಂತ ನೀನು ಹೋಗಿ ಆ ಬಾಯಿ ಬಿಡಿಸಬೇಡ, ಮಗು. ಎಲ್ಲರನ್ನೂ ಶೆಡ್ಡಿನಲ್ಲಿ ಕೂರಿಸಿ ಶಾಂತಿಸಭೆ ಮಾಡುವ ಯೋಚನೆ ಇದ್ದರೆ ಈಗಲೇ ಕೈಬಿಡು. ಮೊದಲ ದಿನವೇ ಎದುರಾಎದುರು ಕೂರಿಸಿದರೆ ಒಬ್ಬ ಆಪಾದನೆ ಮಾಡುತ್ತಾನೆ, ಇನ್ನೊಬ್ಬ ಎದ್ದುಹೋಗುತ್ತಾನೆ, ಮತ್ತೆ ಸೇರಿಸುವುದು ಎರಡರಷ್ಟು ಕಷ್ಟ. ಬೇರೆ ಬೇರೆಯಾಗಿ ಎರಡು ಮೂರು ಸಲ ಕೂತು, ತಮ್ಮವರು ಮಾಡಿದ್ದನ್ನೂ ತಾವೇ ಹೇಳುವಷ್ಟು ಧೈರ್ಯ ಬಂದಮೇಲೆ, ಎರಡೂ ಕಡೆಯವರಿಗೆ ಸೇರದ ಜಾಗದಲ್ಲಿ ನಾಲ್ಕು ನಾಲ್ಕು ಜನ ಸೇರಬೇಕು. ಅದನ್ನು ನಡೆಸಬೇಕಾದವರು ಅಲ್ಲಿನ ಹಿರಿಯರು, ಪಾದ್ರಿಗಳು. ನೀನು ಜಾಗ, ಚಹಾ, ಆ ಹೊತ್ತಿನ ಸಂಬಳ ಕೊಡಿಸಿದರೆ ಸಾಕು.

ಸರ್ಕಾರವೂ ಅವಸರ ಮಾಡಿತ್ತು. 2008ರ ಮೇ ತಿಂಗಳಲ್ಲಿ 'ರೂಡಿ ನ್ಯುಂಬಾನಿ', ಅಂದರೆ 'ಮನೆಗೆ ಮರಳಿ' ಅಂತ, ಶಿಬಿರದಲ್ಲಿದ್ದವರಿಗೆ 10,000 ಶಿಲ್ಲಿಂಗ್, ಮನೆ ಸುಟ್ಟಿದ್ದರೆ ಇನ್ನೂ 25,000 ಅಂತ ಹೇಳಿ ಊರಿಗೆ ಕಳಿಸಿದರು. ದುಡ್ಡು ಎಷ್ಟೋ ಜನರ ಕೈಗೆ ಬರಲಿಲ್ಲ, ಪಕ್ಕದ ಮನೆಯವರೊಡನೆ ಮಾತೂ ಆಗಿರಲಿಲ್ಲ. ಹಗಲು ಹೊಲದಲ್ಲಿ ಗೇಯ್ದು, ರಾತ್ರಿ ಡೇರೆಗೆ ಬಂದು ಮಲಗುತ್ತಿದ್ದವರಿದ್ದರು.

ನಿನ್ನ ದೊಡ್ಡಮ್ಮ ಇರಬೇಕಿತ್ತು. ತೋಟದ ಲೈನಿನಲ್ಲಿ ಯಾವ ಒಲೆಯ ಮುಂದೆ ಕೂತರೆ ಯಾವ ಮಾತು ಹೊರಗೆ ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಈಗ ಲೈನುಗಳಲ್ಲಿ ಅಸ್ಸಾಮಿನವರು ತುಂಬಿದ್ದಾರೆ, ಅವರ ಭಾಷೆಯೇ ನಮಗೆ ಬರುವುದಿಲ್ಲ, ಅವರೊಳಗೆ ಏನು ಕುದಿಯುತ್ತಿದೆ ಅಂತ ತಿಳಿಯುವುದು ಹೇಗೆ? ನಿನ್ನ ಭಯ ನನಗೆ ಅರ್ಥವಾಗುವುದು ಅದಕ್ಕೇ.

ಕೆನ್ಯಾದ ವಜೀರ್‌ನಲ್ಲಿ 1990ರ ದಶಕದ ಶುರುವಿನಲ್ಲಿ ಸೊಮಾಲಿ ಕುಲಗಳು ಕಡಿದಾಡುತ್ತಿದ್ದಾಗ ಡೇಖಾ ಇಬ್ರಾಹಿಂ ಅಬ್ದಿ ಮತ್ತು ಜೊತೆಯ ಹೆಂಗಸರು ಸಂತೆಯಿಂದ ಶುರುಮಾಡಿದರು. ಯಾವ ಕುಲದವಳೂ ಯಾರಿಗೆ ಬೇಕಾದರೂ ಮಾರಬಹುದು, ಯಾರಿಂದ ಬೇಕಾದರೂ ಕೊಳ್ಳಬಹುದು, ತಂಟೆಯಾದರೆ ತಮಗೆ ಹೇಳಬೇಕು ಅಂದರು. ಹಿರಿಯರು, ಹುಡುಗರು, ಅಧಿಕಾರಿಗಳೆಲ್ಲ ಆಮೇಲೆ ಬಂದರು. ಹಾಗಾಗಿ ನಿನ್ನ ಗ್ರೇಡಿಂಗ್ ಮೇಜುಗಳಲ್ಲಿ ಯಾರ ಪಕ್ಕ ಯಾರು ನಿಲ್ಲುತ್ತಾರೆ ನೋಡು. ಒಂದೇ ಜನದ ಗುಂಪಾಗಿದ್ದರೆ ಪಾಳಿ ಬದಲಾಗುವಾಗ ಇಬ್ಬಿಬ್ಬರನ್ನು ಬೆರೆಸು. ಮನೆಗಳನ್ನು ಮಾತ್ರ ಚುನಾವಣೆ ಹತ್ತಿರ ಬಂದಾಗ ಅದಲು ಬದಲು ಮಾಡಿಸಬೇಡ, ಪಟ್ಟಿ ತಯಾರಾಗುತ್ತಿದೆ ಅಂತ ಹೆದರುತ್ತಾರೆ.

ನೀನು ಅಲ್ಲಿರುವವನು, ನಾನು ಇಲ್ಲಿಂದ ಬುದ್ಧಿ ಹೇಳುವುದು ಸರಿಯೋ ಗೊತ್ತಿಲ್ಲ. ಆದರೂ 2027ರ ಆಗಸ್ಟಿಗೆ ಮತ್ತೆ ಚುನಾವಣೆ. ಈಗಿನ ಸಂವಿಧಾನದಂತೆ ಅಧ್ಯಕ್ಷರ ಫಲಿತಾಂಶ ಹೇಳಲು ಏಳು ದಿನ ಸಮಯವಿದೆ. ಮೌನಕ್ಕಿಂತ ನನಗೆ ಆ ಏಳು ದಿನಗಳದೇ ಹೆಚ್ಚು ಹೆದರಿಕೆ. 2008ರಲ್ಲಿ ಎಸ್ಸೆಮ್ಮೆಸ್ಸು, ರೇಡಿಯೋ ಸಾಕಾಗಿತ್ತು, ಈಗ ವಾಟ್ಸಾಪಿದೆ. ಎರಡೂ ಕಡೆಯಿಂದ ಒಬ್ಬೊಬ್ಬ ನಂಬಿಕಸ್ಥರನ್ನು ಈಗಲೇ ಗೊತ್ತುಮಾಡಿಕೊ, ಹೆಂಗಸರಾದರೆ ಇನ್ನೂ ಒಳ್ಳೆಯದು. ಯಾವುದೋ ಊರಿನಲ್ಲಿ ಗಲಾಟೆಯಾಯಿತೆಂದು ಸುದ್ದಿ ಬಂದರೆ ಇಬ್ಬರೂ ಆ ಊರಿನ ತಮ್ಮತಮ್ಮವರಿಗೆ ಫೋನು ಮಾಡಬೇಕು. ಎರಡು ಮಾತೂ ತಾಳೆಯಾದ ಮೇಲೆ ಜೊತೆಯಾಗಿ ನಿಂತು ಎಲ್ಲರಿಗೂ ಹೇಳಬೇಕು. ಒಬ್ಬರೇ ಹೇಳಿದರೆ ಇನ್ನೊಂದು ಕಡೆಯವರು ನಂಬುವುದಿಲ್ಲ. ವೋಟು ಹಾಕಲು ಊರಿಗೆ ಹೋದವರು ಬಸ್ಸು ನಿಂತು ತಡವಾಗಿ ಬಂದರೂ ಕೆಲಸ ಹೋಗುವುದಿಲ್ಲ ಅಂತ ಮ್ಯಾನೇಜರ ಸಹಿಯ ಚೀಟಿ ಕೊಡಿಸು. ಆ ವಾರದ ಸಂಬಳ ಮುಂಚೆಯೇ ಆದರೆ ಒಳ್ಳೆಯದು, ಅಂಗಡಿ ಮುಚ್ಚಿದರೂ ಮನೆಯಲ್ಲಿ ಹಿಟ್ಟಿರುತ್ತದೆ.

ಯಾರಾದರೂ ತಾವಾಗಿಯೇ ಆ ಜನವರಿಯ ಮಾತು ಎತ್ತಿದರೆ ಕೇಳಿಸಿಕೊ. ಬರೆದುಕೊಳ್ಳಬೇಡ, ಇನ್ನೊಬ್ಬರಿಗೆ ಹೇಳಬೇಡ, ನನಗೂ ಬರೆಯಬೇಡ. ನಿನ್ನ ಕೈಕೆಳಗಿನ ಮೇಸ್ತ್ರಿಗಳು ಯಾವ ಯಾವ ಜನದವರು, ಎಷ್ಟೆಷ್ಟು ಮಂದಿ ಅನ್ನುವುದನ್ನು ಮಾತ್ರ ಮುಂದಿನ ಪತ್ರದಲ್ಲಿ ತಿಳಿಸು. ಎಲ್ಲರೂ ಒಂದೇ ಕಡೆಯವರಾಗಿದ್ದರೆ ಮೊದಲು ಅದನ್ನು ಸರಿಮಾಡಬೇಕು.

ಇಂತಿ,
ನಿನ್ನ ದೊಡ್ಡಪ್ಪ