ಹುಡುಗರ ಜಿಮ್ನಾಸ್ಟಿಕ್ಸ್ ಅಭ್ಯಾಸಕ್ಕೂ ಲಯ ಬೇಕು

ಮಾನ್ಯರೇ,

ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್ ಸ್ಪರ್ಧೆಗಳಲ್ಲಿ ಸಂಗೀತವಿರುವುದು ಮಹಿಳೆಯರ ಫ್ಲೋರ್ ಎಕ್ಸರ್‌ಸೈಜ್‌ಗೆ (ನೆಲಹಾಸಿನ ಮೇಲಿನ ಕಸರತ್ತಿಗೆ) ಮಾತ್ರ. ಪುರುಷರ ಫ್ಲೋರ್‌ಗಾಗಲಿ, ಕೇವಲ 10 ಸೆಂಟಿಮೀಟರ್ ಅಗಲದ ತೊಲೆಯ ಮೇಲೆ ಮಹಿಳೆಯರು ಮಾಡುವ ಬ್ಯಾಲೆನ್ಸ್ ಬೀಮ್ ಕಸರತ್ತಿಗಾಗಲಿ ಅದಿಲ್ಲ. ಸ್ಪರ್ಧೆಯ ಈ ನಿಯಮವನ್ನು ಮಕ್ಕಳ ತರಬೇತಿಗೂ ಅನ್ವಯಿಸಿ, ಹುಡುಗರಿಗೆ ಸಂಗೀತದ ಅಗತ್ಯವಿಲ್ಲವೆಂದು ಭಾವಿಸುವುದು ಸರಿಯಲ್ಲ.

ನೆಲದ ಮೇಲೆ ಎಳೆದ ಗೆರೆಯಲ್ಲಿ ನಡೆಯುವ ಆರೇಳು ವರ್ಷದ ಮಗು ಅವಸರಪಟ್ಟಾಗಲೇ ಆಯ ತಪ್ಪುವುದು ಹೆಚ್ಚು. ನಿಧಾನ ಲಯದ ಸಂಗೀತಕ್ಕೆ ನಾಲ್ಕು ಎಣಿಕೆಯಲ್ಲಿ ನಾಲ್ಕು ಹೆಜ್ಜೆ, ಮುಂದಿನ ನಾಲ್ಕರಲ್ಲಿ ಒಂಟಿ ಕಾಲಿನ ಮೇಲೆ ಅಲುಗದೆ ನಿಲ್ಲುವುದು ಎಂದು ಅಭ್ಯಾಸ ಮಾಡಿಸಿದರೆ, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಯಾವಾಗ ವರ್ಗಾಯಿಸಬೇಕೆಂಬುದನ್ನು ಮಗು ಕಿವಿಯಿಂದಲೇ ಗ್ರಹಿಸತೊಡಗುತ್ತದೆ. ಇದಕ್ಕೆ ದುಬಾರಿ ಉಪಕರಣಗಳೇನೂ ಬೇಡ. ‘ತಕಧಿಮಿ’, ‘ತಕಿಟ’ ಎಂಬ ಸೊಲ್ಲುಗಳನ್ನು ಹೇಳುತ್ತಾ ಕೈತಟ್ಟಿದರೂ ಸಾಕು (ಭರತನಾಟ್ಯದ ನಟ್ಟುವಾಂಗದಲ್ಲಿ, ಅಂದರೆ ಸೊಲ್ಲು ಹೇಳುತ್ತಾ ತಾಳ ಹಾಕಿ ನೃತ್ಯ ನಡೆಸುವಾಗ, ನಡೆಯುವುದೂ ಬಹುಮಟ್ಟಿಗೆ ಇದೇ).

ಆದರೆ ಹೊಸ ಪಲ್ಟಿಯನ್ನು ಕಲಿಸುವ ಹೊತ್ತಿನಲ್ಲಿ ಸ್ಪೀಕರ್‌ನ ಅಬ್ಬರಕ್ಕೆ ತರಬೇತುದಾರರ ಮಾತೇ ಕೇಳಿಸದಂತಾದರೆ ಅಪಾಯ. ಆಗ ಸಂಗೀತ ನಿಲ್ಲಿಸುವುದೇ ಲೇಸು. ದೈಹಿಕ ಶಿಕ್ಷಣ ಶಿಕ್ಷಕರ ತರಬೇತಿಯಲ್ಲಿ ಲಯಾಭ್ಯಾಸಕ್ಕೂ ಕೆಲವು ತಾಸು ಮೀಸಲಿಡುವ ಬಗ್ಗೆ ಶಿಕ್ಷಣ ಇಲಾಖೆ ಯೋಚಿಸಲಿ, ಅದಕ್ಕೆ ಸ್ಥಳೀಯ ನೃತ್ಯ ಶಿಕ್ಷಕರ ನೆರವನ್ನೂ ಪಡೆಯಲಿ.

– ಒಬ್ಬ ಪೋಷಕ, ಮೈಸೂರು