ನಗರದ ದಂಗೆ ಯಾರ ವಿರುದ್ಧ ನಡೆಯಿತು?

ಮಾನ್ಯ ಸಂಪಾದಕರಿಗೆ ವಂದನೆಗಳು.

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಕರಾವಳಿ ಮತ್ತು ಮಲೆನಾಡಿನ ರೈತ ಹೋರಾಟಗಳ ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ಒಂದು ಪೂರ್ಣ ಪುಟ ಕೊಟ್ಟದ್ದಕ್ಕೆ ತಮಗೆ ಕೃತಜ್ಞತೆ ಹೇಳಬೇಕು. ಆದರೆ ಆ ಲೇಖನದಲ್ಲಿ 1830–31ರ ನಗರದ (ಮಲೆನಾಡಿನ ಹಳೆಯ ಬಿದನೂರಿನ) ದಂಗೆಯನ್ನೂ 1837ರ ಅಮರ ಸುಳ್ಯದ ದಂಗೆಯನ್ನೂ ಒಂದೇ ಉಸಿರಿನಲ್ಲಿ ಹೇಳಿ, ಎರಡೂ ಬ್ರಿಟಿಷರ ವಿರುದ್ಧ ನಡೆದ ಸ್ವಾತಂತ್ರ್ಯ ಸಮರಗಳೆಂದು ಬರೆಯಲಾಗಿದೆ. ಅನೇಕ ವರ್ಷ ತರಗತಿಯಲ್ಲಿ ಇತಿಹಾಸ ಪಾಠ ಮಾಡಿದ ನನಗೆ ಈ ಮಾತನ್ನು ಹಾಗೆಯೇ ಬಿಟ್ಟುಬಿಡಲು ಮನಸ್ಸಾಗಲಿಲ್ಲ.

ಅಮರ ಸುಳ್ಯದ ದಂಗೆ ಕಂಪನಿ ಸರಕಾರದ ವಿರುದ್ಧವೇ ನಡೆದದ್ದು, ಅದರಲ್ಲಿ ಎರಡು ಮಾತಿಲ್ಲ. 1834ರಲ್ಲಿ ಕೊಡಗನ್ನು ಕಿತ್ತುಕೊಂಡ ಕಂಪನಿ, ಅದಕ್ಕೆ ಸೇರಿದ್ದ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕರಾವಳಿಯ ಕನ್ನಡ (ಕೆನರಾ) ಜಿಲ್ಲೆಗೆ ಸೇರಿಸಿ, ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. ಅದರ ಫಲವಾಗಿ 1837ರ ಏಪ್ರಿಲ್ 5ರಂದು ದಂಗೆಕೋರರು ಮಂಗಳೂರಿಗೆ ಬಂದರು. ಬಾವುಟಗುಡ್ಡೆಯ ಹೆಸರಿನಲ್ಲಿ ಆ ದಿನಗಳ ನೆನಪು ಇಂದಿಗೂ ಉಳಿದಿದೆ. ನಗರದಲ್ಲಿ ನಡೆದದ್ದು ಬೇರೆ. ಅಲ್ಲಿನ ರೈತರು ಎದ್ದದ್ದು ಮೈಸೂರಿನ ಅರಮನೆಯ ಆಡಳಿತದ ವಿರುದ್ಧ. ಕಂಪನಿ ಆ ಕಥೆಯೊಳಗೆ ಬಂದದ್ದು ಅರಸರ ಪರವಾಗಿ ಸೈನ್ಯ ಕಳುಹಿಸುವ ಮಿತ್ರನಾಗಿ. ಹೊರಗೆ ಹೋಗುವಾಗ ಅದು ಅರಸರ ರಾಜ್ಯವನ್ನೇ ಕೈಗೆ ತೆಗೆದುಕೊಂಡಿತ್ತು. ಈ ತಿರುವು ಹೇಗೆ ಬಂತೆಂಬುದು ಓದುಗರಿಗೆ ತಿಳಿಯಬೇಕೆಂಬುದಕ್ಕಾಗಿ ಈ ಪತ್ರ ಸ್ವಲ್ಪ ದೀರ್ಘವಾದರೂ ಬರೆಯುತ್ತಿದ್ದೇನೆ.

ಮುಮ್ಮಡಿ ಕೃಷ್ಣರಾಜ ಒಡೆಯರು 1811ರಲ್ಲಿ ದಿವಾನ್ ಪೂರ್ಣಯ್ಯನವರಿಂದ ಅಧಿಕಾರ ವಹಿಸಿಕೊಂಡಾಗ ಅವರಿನ್ನೂ ಹದಿಹರೆಯದವರು. ಅವರ ವಿದ್ಯಾಭಿಮಾನಕ್ಕೂ ಕಲಾಪೋಷಣೆಗೂ ಕನ್ನಡಿಗರು ಋಣಿಗಳೆಂಬುದನ್ನು ನಾನು ಮರೆತಿಲ್ಲ. ಆದರೆ ಆ ಕಾಲದ ಕಂದಾಯದ ವ್ಯವಸ್ಥೆಯನ್ನು ಸಮರ್ಥಿಸಲು ಸಾಧ್ಯವಿಲ್ಲ. ಅಮಿಲ್ದಾರನಾದವನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣ ಕೊಡುತ್ತೇನೆಂದು ಸರಕಾರಕ್ಕೆ ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು. ವಸೂಲಿ ಹೆಚ್ಚಾದರೆ ಹೆಚ್ಚಿನದ್ದನ್ನು ಖಜಾನೆಗೆ ಕಟ್ಟಬೇಕು, ಕಡಿಮೆಯಾದರೆ ಕೈಯಿಂದ ತುಂಬಿಕೊಡಬೇಕು. ಇದಕ್ಕೆ ಶರತ್ತಿನ ಪದ್ಧತಿ ಎಂದು ಹೆಸರು. ಕೈಯಿಂದ ತುಂಬುವ ಅಮಿಲ್ದಾರ ಎಲ್ಲಿಂದ ತುಂಬುತ್ತಾನೆ? ರೈತನ ಕಣಜದಿಂದಲೇ. ಶಿವಪ್ಪನಾಯಕನ ಶಿಸ್ತು ಎಂಬ ಮಾತು ಇಂದಿಗೂ ಬಾಯಲ್ಲಿರುವ ಸೀಮೆ ಅದು. ಜಮೀನಿನ ಗುಣ ನೋಡಿ, ಫಸಲು ಅಳೆದು ಕಂದಾಯ ಗೊತ್ತುಮಾಡಿದ ಕೆಳದಿಯ ಅರಸನ ಕ್ರಮವನ್ನು ತಲೆಮಾರುಗಳಿಂದ ನೆನಪಿಟ್ಟುಕೊಂಡಿದ್ದ ಜನರಿಗೆ ಈ ಹೊಸ ಲೆಕ್ಕ ಅನ್ಯಾಯವೆಂದು ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಅದರ ಮೇಲೆ ನಗರದ ಫೌಜುದಾರಿಯು (ಹಲವು ತಾಲ್ಲೂಕುಗಳ ಆಡಳಿತ ವಿಭಾಗ) ವರ್ಷಗಟ್ಟಲೆ ಒಂದೇ ಬಳಗದವರ ಹಿಡಿತದಲ್ಲಿದ್ದು, ಬಾಕಿ, ಮಾಫಿಗಳ ಲೆಕ್ಕವೆಲ್ಲ ಗೋಜಲಾಗಿತ್ತು.

1830ರಲ್ಲಿ ರೈತರು ಕೂಟ ಸೇರತೊಡಗಿದರು. ಕಂದಾಯ ಕಟ್ಟುವುದಿಲ್ಲ, ನಮ್ಮ ಅಹವಾಲನ್ನು ಕೇಳಿ ಎಂಬುದು ಅವರ ಮೊದಲ ಮಾತಾಗಿತ್ತು. ಬಿದನೂರು ಅರಸರ ವಂಶಸ್ಥನೆಂದು ಹೇಳಿಕೊಂಡ ಬೂದಿ ಬಸವಪ್ಪನೂ, ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ಸೇರಿಕೊಂಡ ಬಳಿಕವೇ ಅದು ಕೋಟೆ ಹಿಡಿಯುವ ಯುದ್ಧದ ರೂಪ ತಾಳಿದ್ದು. ಈ ಇಬ್ಬರನ್ನೇ ದಂಗೆಯ ಕಾರಣರೆಂದು ತೋರಿಸುವುದು ಸರಿಯಲ್ಲ. ಕೂಟ ಮೊದಲು, ಬೂದಿ ಬಸವಪ್ಪ ಆಮೇಲೆ.

ನಮ್ಮ ಕರಾವಳಿಯವರಿಗೆ ಈ ಸಂಗತಿ ದೂರದ್ದಲ್ಲವೆಂದು ಇಲ್ಲಿಯೇ ಹೇಳಬೇಕು. ಅದೇ ತಿಂಗಳುಗಳಲ್ಲಿ ಘಟ್ಟದ ಕೆಳಗೆ, ಮದ್ರಾಸ್ ಸರಕಾರದ ಆಳ್ವಿಕೆಯಲ್ಲಿದ್ದ ಕನ್ನಡ ಜಿಲ್ಲೆಯಲ್ಲಿಯೂ ಕಾಸರಗೋಡು, ಮಂಜೇಶ್ವರದಿಂದ ಮಂಗಳೂರಿನವರೆಗೆ ರೈತರು ಕೂಟ ಸೇರಿ, ಧಾರಣೆ ಕುಸಿದಿರುವುದರಿಂದ ಕಂದಾಯ ಇಳಿಸಬೇಕೆಂದು ಕೇಳುತ್ತಿದ್ದರು. ಘಟ್ಟದ ಮೇಲೂ ಕೆಳಗೂ ‘ಕೂಟ’ ಎಂಬ ಒಂದೇ ಪದ. ಇಲ್ಲಿನ ಕೂಟಗಳ ಬಗ್ಗೆ ರೆವಿನ್ಯೂ ಬೋರ್ಡಿನ ಸದಸ್ಯನಾಗಿದ್ದ ಸ್ಟೋಕ್ಸ್ ವಿಚಾರಣೆ ನಡೆಸಿ 1833ರಲ್ಲಿ ವರದಿ ಬರೆದ.

ಇನ್ನು ಸೈನ್ಯದ ವಿಷಯ. 1799ರ ಒಪ್ಪಂದದಂತೆ ಮೈಸೂರು ರಾಜ್ಯವು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಗಳನ್ನು, ಅಂದರೆ ಸುಮಾರು 24.5 ಲಕ್ಷ ರೂಪಾಯಿಗಳನ್ನು ಕಂಪನಿಗೆ ಕಟ್ಟಬೇಕಾಗಿತ್ತು. ಅದಕ್ಕೆ ಪ್ರತಿಯಾಗಿ ಕಂಪನಿಯ ಪಡೆ ರಾಜ್ಯವನ್ನು ರಕ್ಷಿಸಬೇಕಾಗಿತ್ತು. ಮೊದಲು ಅರಸರು ತಮ್ಮ ಕುದುರೆ ಸವಾರರನ್ನೂ ಕಾಲಾಳುಗಳನ್ನೂ ಕಳುಹಿಸಿ ನೋಡಿದರು. ಅದು ಸಾಲದಾದಾಗ ಕಂಪನಿಯ ಪಡೆಗಾಗಿ ಕೇಳಬೇಕಾಯಿತು. ಈಗ ಪ್ರಶ್ನೆ ಮೈಸೂರಿನಲ್ಲಿದ್ದ ಕಂಪನಿಯ ಪ್ರತಿನಿಧಿ, ರೆಸಿಡೆಂಟ್ ಕ್ಯಾಸಮೇಜರನ ಮೇಜಿನ ಮೇಲೆ ಬಂತು, ಅಲ್ಲಿಂದ ಮದ್ರಾಸಿನ ಗವರ್ನರ್ ಲಷಿಂಗ್ಟನ್‌ನ ಮುಂದೆ, ಅಲ್ಲಿಂದ ಗವರ್ನರ್ ಜನರಲ್ ಬೆಂಟಿಂಕ್‌ನ ಮುಂದೆ. ತಂತಿಯಿಲ್ಲದ ಕಾಲ, ಟಪಾಲು ಹೋಗಿ ಉತ್ತರ ಬರುವಷ್ಟರಲ್ಲಿ ಮಲೆನಾಡಿನಲ್ಲಿ ಇನ್ನೊಂದು ಕೋಟೆ ಕೈಬದಲಾಗಿರುತ್ತಿತ್ತು.

ಕಂಪನಿಯ ಅಧಿಕಾರಿಗಳ ಮುಂದಿದ್ದದ್ದು ಕೇವಲ ತುಕಡಿಗಳ ಸಂಖ್ಯೆಯ ಪ್ರಶ್ನೆಯಲ್ಲ. ಪರರಾಜರ ದಾಳಿಯನ್ನು ತಡೆಯಲು ಇಟ್ಟ ಪಡೆಯನ್ನು, ಕಂದಾಯದ ಜಗಳದಲ್ಲಿ ಅರಸನ ಪ್ರಜೆಗಳ ಮೇಲೆಯೇ ನಡೆಸಬಹುದೇ? ನಡೆಸದೆ ಬಿಟ್ಟರೆ, ಅರಸನನ್ನು ಸಿಂಹಾಸನದ ಮೇಲೆ ಕೂರಿಸಿದ ಕಂಪನಿಯ ಮಾತಿಗೆ ಏನು ಬೆಲೆ? ಅರಸ ಬಿದ್ದರೆ ವರ್ಷ ವರ್ಷ ಬರುವ ಆ 7 ಲಕ್ಷ ಪಗೋಡಗಳು ಎಲ್ಲಿಂದ ಬರಬೇಕು? ಕೊನೆಯಲ್ಲಿ ಪಡೆ ಹೊರಟಿತು. ಆದರೆ ಶಿವಮೊಗ್ಗೆಯ ಕಡೆಯಿಂದ ನಗರದತ್ತ ನುಗ್ಗಿದ ಪಡೆ, ಕಾಡಿನ ದಾರಿಗೆ ಮರ ಕಡಿದು ಕಟ್ಟಿದ ಅಡ್ಡಗಟ್ಟೆಗಳ ಮುಂದೆ ಸೋತು ಹಿಂದಿರುಗಬೇಕಾಯಿತು. ಇನ್ನಷ್ಟು ಜನ, ಇನ್ನಷ್ಟು ಫಿರಂಗಿ ಬೇಕೆಂದು ಮತ್ತೆ ಬರೆಯಬೇಕಾಯಿತು. ಹೊಸ ಪಡೆ ಬಂದು ನಗರದ ಕೋಟೆ ಬಿದ್ದದ್ದು 1831ರ ಜೂನ್ ತಿಂಗಳಲ್ಲಿ. ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆ ಕಳೆದ ಮೇಲೆ ಹೊಸಂಗಡಿ ಘಟ್ಟದ ಆಚೆ ಬೀಳುವ ಮಳೆ ಎಂಥದ್ದೆಂದು ಕುಂದಾಪುರದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕೋಟೆ ಇನ್ನು ಕೆಲವು ವಾರ ನಿಂತಿದ್ದರೆ, ಫಿರಂಗಿಯ ಗಾಡಿಗಳು ಕೆಸರಿನಿಂದ ಮೇಲೇಳುತ್ತಿರಲಿಲ್ಲವೆಂದೇ ನನ್ನ ಭಾವನೆ.

ಈ ಸಂದರ್ಭದಲ್ಲಿ ನನಗೆ ಬಹಳ ಕಾಡುವ ಒಂದು ಪತ್ರವಿದೆ. ಅದನ್ನು ಬರೆದವನು ಥಾಮಸ್ ಮನ್ರೋ. ಟಿಪ್ಪುವಿನ ಪತನದ ಬಳಿಕ 1799ರಲ್ಲಿ ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರನಾಗಿ ಬಂದು, ನಮ್ಮ ಊರುಗಳ ವರ್ಗ, ಮೂಲಗೇಣಿ ಎಂಬ ಭೂಹಕ್ಕುಗಳ ಲೆಕ್ಕವನ್ನು ಕೂತು ನೋಡಿದವನು. 1817ರಲ್ಲಿ, ಅಂದರೆ ನಗರದ ದಂಗೆಗೆ ಹದಿಮೂರು ವರ್ಷ ಮೊದಲೇ, ಆಗಿನ ಗವರ್ನರ್ ಜನರಲ್‌ಗೆ ಬರೆದ ಪತ್ರದಲ್ಲಿ ಅವನು ಈ ಸೈನ್ಯ ಸಹಾಯ ಪದ್ಧತಿಯ ಕೇಡನ್ನು ಬಿಡಿಸಿಟ್ಟಿದ್ದ. ಕೆಟ್ಟ ಆಡಳಿತಕ್ಕೆ ಈ ದೇಶದಲ್ಲಿದ್ದ ಮದ್ದು ಮೂರೇ, ಒಂದೋ ಅರಮನೆಯೊಳಗಿನ ಸದ್ದಿಲ್ಲದ ಬದಲಾವಣೆ, ಇಲ್ಲವೇ ಪ್ರಜೆಗಳ ದಂಗೆ, ಅದೂ ಅಲ್ಲದಿದ್ದರೆ ಪರರಾಜರ ಆಕ್ರಮಣ. ಕಂಪನಿಯ ಸೈನ್ಯ ಅರಸನ ಬೆನ್ನಿಗೆ ನಿಂತ ಕ್ಷಣದಿಂದ ಮೂರೂ ದಾರಿ ಮುಚ್ಚಿಹೋಗುತ್ತವೆ. ಭಯವಿಲ್ಲದ ಅರಸ ಮೈಮರೆಯುತ್ತಾನೆ, ಪ್ರಜೆ ನವೆಯುತ್ತಾನೆ ಎಂಬುದು ಅವನ ವಾದದ ತಿರುಳು. ಮುಂದೆ ಮದ್ರಾಸಿನ ಗವರ್ನರನಾಗಿ 1825ರಲ್ಲಿ ಅವನೇ ಮೈಸೂರಿಗೆ ಬಂದು ಆಡಳಿತವನ್ನು ಸರಿಪಡಿಸಿಕೊಳ್ಳಬೇಕೆಂದು ಅರಸರಿಗೆ ಎಚ್ಚರಿಕೆ ಹೇಳಿದ. 1827ರಲ್ಲಿ ಅವನು ತೀರಿಕೊಂಡ. ಅವನ ದೇಶದವರ ಆಳ್ವಿಕೆಯನ್ನು ಹೊಗಳಲು ನಾನು ಇದನ್ನು ಹೇಳುತ್ತಿಲ್ಲ; ಆ ಪದ್ಧತಿಯನ್ನು ಒಳಗಿನಿಂದ ಬಲ್ಲವನೊಬ್ಬ ಅದರ ದೋಷವನ್ನು ಬರೆದಿಟ್ಟಿದ್ದನೆಂಬುದು ಮುಖ್ಯ. 1830–31ರಲ್ಲಿ ಸೈನ್ಯ ಕಳುಹಿಸುವ ಹುಕುಂ ಹೊರಟದ್ದು ಅವನು ಕುಳಿತಿದ್ದ ಮದ್ರಾಸಿನ ಕೋಟೆಯಿಂದಲೇ.

ಆಮೇಲೆ ಆದದ್ದನ್ನು ದಿನಾಂಕಗಳೇ ಹೇಳುತ್ತವೆ. ಕೋಟೆ ಬಿದ್ದ ಮೂರು ತಿಂಗಳಿಗೆ, 1831ರ ಸೆಪ್ಟೆಂಬರಿನಲ್ಲಿ ಬೆಂಟಿಂಕ್ ಅರಸರಿಗೆ ಪತ್ರ ಬರೆದು ರಾಜ್ಯದ ಆಡಳಿತವನ್ನು ಬಿಟ್ಟುಕೊಡಬೇಕೆಂದ. ಅಕ್ಟೋಬರಿನಲ್ಲಿ ಅಧಿಕಾರ ಕಂಪನಿಯ ಕಮಿಷನರರ ಕೈಗೆ ಹೋಯಿತು. ದಂಗೆಯೇಕೆ ಆಯಿತೆಂದು ವಿಚಾರಿಸಲು ನೇಮಿಸಿದ ಸಮಿತಿಯು ತನ್ನ ವರದಿ ಕೊಟ್ಟದ್ದು 1833ರ ಡಿಸೆಂಬರಿನಲ್ಲಿ. ತೀರ್ಪು ಮೊದಲು, ಸಾಕ್ಷಿ ಎರಡು ವರ್ಷದ ನಂತರ. ಒಪ್ಪಂದದ ಪ್ರಕಾರ ರಾಜ್ಯದ ಒಂದು ಭಾಗವನ್ನಷ್ಟೇ ವಹಿಸಿಕೊಳ್ಳಬಹುದಾಗಿತ್ತಲ್ಲವೇ ಎಂಬ ಅಳುಕು ಬೆಂಟಿಂಕ್‌ನಿಗೂ ಆ ಬಳಿಕ ಹುಟ್ಟಿತು. ಉಳಿದದ್ದನ್ನು ಹಿಂದಿರುಗಿಸುವ ಸಲಹೆಯನ್ನೂ ಅವನು ಮಾಡಿದ, ಆದರೆ ವಿಲಾಯತಿಯ ಅಧಿಕಾರಿಗಳು ಒಪ್ಪಲಿಲ್ಲ. ಮೈಸೂರು ಮತ್ತೆ ಒಡೆಯರ ಕೈಗೆ ಬಂದದ್ದು 1881ರಲ್ಲಿ, ಐವತ್ತು ವರ್ಷ ಕಳೆದ ಮೇಲೆ. ಮುಮ್ಮಡಿಯವರು ಅಷ್ಟರಲ್ಲಿ, 1868ರಲ್ಲಿಯೇ, ಕಾಲವಾಗಿದ್ದರು.

ಆದ್ದರಿಂದ ನಗರದ ರೈತರನ್ನು ಬ್ರಿಟಿಷರ ವಿರುದ್ಧ ಹೋರಾಡಿದವರೆಂದು ಕರೆಯುವಾಗ ನಾವು ಅವರ ಮಾತನ್ನೇ ಅವರಿಂದ ಕಸಿದುಕೊಳ್ಳುತ್ತಿದ್ದೇವೆ. ಅವರು ಕೇಳಿದ್ದು ಕಂದಾಯದ ನ್ಯಾಯವನ್ನು, ಕೇಳಿದ್ದು ತಮ್ಮದೇ ಅರಸರಲ್ಲಿ. ಕನ್ನಡದ ಅರಸರೊಬ್ಬರ ಆಡಳಿತವನ್ನು ಕನ್ನಡದ ರೈತರು ಪ್ರಶ್ನಿಸಿದ್ದರೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿರಬಹುದು. ಆ ಸಂಕೋಚದಿಂದ ಚರಿತ್ರೆಯನ್ನು ತಿದ್ದಬಾರದು.

ನನ್ನ ವಿನಂತಿ ಎರಡು. ಮೊದಲನೆಯದು, ಪುರವಣಿಯ ಲೇಖನದ ಆ ಭಾಗಕ್ಕೆ ದಯವಿಟ್ಟು ಒಂದು ತಿದ್ದುಪಡಿಯನ್ನು ಪ್ರಕಟಿಸಬೇಕು. ಎರಡನೆಯದನ್ನು ತಮ್ಮ ಪತ್ರಿಕೆಯ ಮೂಲಕ ನಮ್ಮ ವಿಶ್ವವಿದ್ಯಾಲಯಗಳಿಗೂ ರಾಜ್ಯ ಪತ್ರಾಗಾರ ಇಲಾಖೆಗೂ ಸಲ್ಲಿಸುತ್ತಿದ್ದೇನೆ. 1830–31ರ ಸೈನ್ಯ ಸಹಾಯದ ಪತ್ರಗಳು, ಮನ್ರೋನ 1817ರ ಪತ್ರ, ಸ್ಟೋಕ್ಸ್‌ನ 1833ರ ವರದಿ, ಮೈಸೂರಿನ ವಿಚಾರಣಾ ಸಮಿತಿಯ ವರದಿ, ಇವಿಷ್ಟನ್ನು ಒಂದು ಸಂಪುಟವಾಗಿ ಕನ್ನಡಕ್ಕೆ ತರಬೇಕು. ಇಂಗ್ಲಿಷಿನಲ್ಲಿ ಬರೆದ ಅಧಿಕಾರಿಗಳ ಕಣ್ಣಿನಿಂದಲೇ ಆದರೂ, ಕೂಟ ಸೇರಿದ ರೈತರ ಅಹವಾಲು ಅವುಗಳ ಸಾಲುಗಳ ನಡುವೆ ಉಳಿದಿದೆ. ಉಡುಪಿ, ಕುಂದಾಪುರಗಳ ಶಾಲೆಗಳಿಂದ ಪ್ರವಾಸಕ್ಕೆಂದು ಘಟ್ಟ ಹತ್ತಿ ನಗರದ ಕೋಟೆ ನೋಡಲು ಹೋಗುವ ಮಕ್ಕಳಿಗೆ, 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಕಥೆಯ ಜೊತೆಗೆ 1831ರ ಜೂನಿನ ಕಥೆಯನ್ನೂ ಆ ಸಂಪುಟದಿಂದಲೇ ಓದಿ ಹೇಳುವಂತಾಗಲಿ.

ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ,
ಉಡುಪಿ