ನೂಲು ಅಳೆಯುವವಳ ಬಗ್ಗೆ ಮಾಲತಿಗೆ

ಚಿ. ಮಾಲತಿಗೆ ಅತ್ತೆಯ ಅನೇಕ ಆಶೀರ್ವಾದಗಳು.

ನಿನ್ನ ಕಾಗದದ ಕೊನೆಯ ಪುಟದಲ್ಲಿದ್ದ ಒಂದು ವಾಕ್ಯ ಮೂರು ರಾತ್ರಿಗಳಿಂದ ನನ್ನನ್ನು ಮಲಗಗೊಟ್ಟಿಲ್ಲ. ಗ್ರೀಕರ ವಿಧಿದೇವತೆಯರ ಬಗ್ಗೆ ಓದುತ್ತಿರುವುದಾಗಿ ಬರೆದು, ‘ಅಪ್ಪನಿಗೆ ಅಳೆದಷ್ಟೇ ನೂಲನ್ನು ನನಗೂ ಅಳೆದಿಟ್ಟಿದ್ದರೆ ಡಾಕ್ಟರ ಬಳಿ ಹೋಗಿ ಆಗುವುದೇನು’ ಎಂದು ಕೇಳಿದ್ದೀಯೆ. ನಿನ್ನ ಅಪ್ಪ, ನನ್ನ ಅಣ್ಣ, ತೀರಿಹೋದ ದಿನದ ಸಂಗತಿಯನ್ನು ಮತ್ತೆ ಬರೆಯುವುದಿಲ್ಲ.

ಆ ಮೂವರನ್ನು ನಾನೂ ವರ್ಷಗಟ್ಟಲೆ ತರಗತಿಯಲ್ಲಿ ಪಾಠ ಹೇಳಿದ್ದೇನೆ. ಕ್ಲೋಥೊ ನೂಲುತ್ತಾಳೆ, ಲ್ಯಾಕೆಸಿಸ್ ಪಾಲು ಹಂಚುತ್ತಾಳೆ, ಅಟ್ರೊಪೋಸ್, ಎಂದರೆ ತಿರುಗಿಸಲಾಗದವಳು, ಕತ್ತರಿಸುತ್ತಾಳೆ. ನೀನು ಕತ್ತರಿಯ ಬಳಿಯೇ ನಿಂತುಬಿಟ್ಟಿದ್ದೀಯೆ. ಅವರ ಹೆಸರಾದ ‘ಮೊಯಿರಾ’ ಎಂಬ ಮಾತಿಗೆ ಮೂಲದಲ್ಲಿ ಪಾಲು ಎಂದಷ್ಟೇ ಅರ್ಥ. ಪ್ರಾಚೀನ ಗ್ರೀಕ್ ಕವಿ ಹೆಸಿಯಡ್ ಒಂದು ಕಡೆ ಅವರನ್ನು ರಾತ್ರಿಯ ಮಕ್ಕಳೆಂದರೆ, ಅದೇ ಕಾವ್ಯದಲ್ಲಿ ಮುಂದೆ ದೇವತೆಗಳ ಒಡೆಯ ಜ್ಯೂಸ್ ಮತ್ತು ಥೆಮಿಸರ ಮಕ್ಕಳೆನ್ನುತ್ತಾನೆ. ಥೆಮಿಸ್ ಎಂದರೆ ನೇಮದ, ನ್ಯಾಯದ ದೇವತೆ. ಅವನಿಗೂ ಅವರು ಬರೀ ಕತ್ತಲಾಗಿ ಕಂಡಿರಲಿಲ್ಲ.

ಮೆಲಿಯೇಜರನ ಕಥೆಯನ್ನು ಇನ್ನೊಮ್ಮೆ ಓದು. ಅವನು ಹುಟ್ಟಿ ಏಳು ದಿನವಾದಾಗ ಈ ದೇವತೆಯರು ಬಂದು, ಒಲೆಯಲ್ಲಿರುವ ಕೊಳ್ಳಿ ಉರಿದು ಮುಗಿಯುವವರೆಗೆ ಮಾತ್ರ ಇವನ ಆಯುಸ್ಸು ಎಂದರು. ತಾಯಿ ಅಲ್ತಿಯಾ ಆ ಕೊಳ್ಳಿಯನ್ನು ಈಚೆಗೆಳೆದು ಪೆಟ್ಟಿಗೆಯಲ್ಲಿಟ್ಟಳು. ಮಗು ಬೆಳೆದು ವೀರನಾಯಿತು. ಮುಂದೆ ಬೇಟೆಯ ಜಗಳದಲ್ಲಿ ಅವನು ಅವಳ ಒಡಹುಟ್ಟಿದವರನ್ನೇ ಕೊಂದಾಗ, ಅದೇ ಕೊಳ್ಳಿಯನ್ನು ತೆಗೆದು ಬೆಂಕಿಗೆ ಹಾಕಿದವಳೂ ಅವಳೇ.

ಆ ಪೆಟ್ಟಿಗೆಯ ಮಾತು ಬಂದಾಗಲೆಲ್ಲ ನನ್ನ ಧ್ವನಿ ತಡವರಿಸುತ್ತಿತ್ತು. ಅಣ್ಣ ಹಿತ್ತಲ ಮೆಟ್ಟಿಲ ಮೇಲೆ ಕುಳಿತು, ಎಡತೋಳನ್ನು ಒತ್ತಿಕೊಳ್ಳುತ್ತ, ಎರಡು ದಿನದಿಂದ ಹೀಗೆ ನೋಯುತ್ತಿದೆ ಎಂದಾಗ, ನಾನು ಕಾಫಿಯ ಲೋಟ ಅವನ ಕೈಗಿತ್ತು, ‘ಹಣೆಯಲ್ಲಿ ಬರೆದದ್ದು ತಪ್ಪುತ್ತದೆಯೇ, ಸುಮ್ಮನೆ ಯೋಚಿಸಬೇಡ’ ಎಂದಿದ್ದೆ. ಸಮಾಧಾನಕ್ಕೆಂದೇ ಆಡಿದ ಮಾತದು. ನಿನ್ನ ಅಮ್ಮನಿಗೂ ಇದನ್ನು ನಾನು ಹೇಳಿಲ್ಲ. ಈಗ ಅದೇ ಮಾತು ಗ್ರೀಕ್ ಹೆಸರು ಹೊತ್ತು ನಿನ್ನ ಅಕ್ಷರದಲ್ಲಿ ಬಂದಿರುವುದನ್ನು ಕಂಡು ನನಗೆ ನಡುಕ ಹುಟ್ಟಿದೆ.

ಗ್ರೀಕ್ ತತ್ತ್ವಜ್ಞಾನಿ ಪ್ಲೇಟೊನ ‘ರಿಪಬ್ಲಿಕ್’ ಗ್ರಂಥದ 10ನೆಯ ಭಾಗ ನಿನ್ನ ಬಳಿ ಇದ್ದೇ ಇರಬೇಕು. ಅಲ್ಲಿ ಲ್ಯಾಕೆಸಿಸಳ ಮಡಿಲಿನಿಂದ ಬದುಕಿನ ಮಾದರಿಗಳನ್ನು ತೆಗೆದು, ಮತ್ತೆ ಹುಟ್ಟಲಿರುವ ಆತ್ಮಗಳ ಮುಂದೆ ಹರಡುತ್ತಾರೆ. ಆರಿಸಿಕೊಂಡವರದೇ ಹೊಣೆ, ದೈವದ್ದಲ್ಲ ಎಂದು ಸಾರುತ್ತಾರೆ. ಮೊದಲ ಸರದಿಯವನು ಹಿಂದುಮುಂದು ನೋಡದೆ ದೊಡ್ಡ ಸರ್ವಾಧಿಕಾರಿಯ ಬದುಕನ್ನು ಎತ್ತಿಕೊಂಡು, ಆಮೇಲೆ ಎದೆ ಬಡಿದುಕೊಂಡು ಅದೃಷ್ಟವನ್ನು ಬೈಯುತ್ತಾನೆ. ಕಟ್ಟಕಡೆಯಲ್ಲಿ ಬಂದ, ಟ್ರಾಯ್ ಯುದ್ಧದ ವೀರ ಒಡಿಸ್ಸಿಯಸ್, ಯಾರೂ ಮುಟ್ಟದೆ ಮೂಲೆಯಲ್ಲಿ ಬಿದ್ದಿದ್ದ ಒಬ್ಬ ಸಾಮಾನ್ಯನ ಬದುಕನ್ನು ಹುಡುಕಿ ತೆಗೆದುಕೊಂಡು ಸಂತೋಷಪಡುತ್ತಾನೆ. ನೂಲಿನ ಅಳತೆಯನ್ನು ಮೊದಲೇ ತಿಳಿದವಳಂತೆ ನೀನು ಬರೆಯಬೇಡ, ಮಗೂ.

ಉಪದೇಶ ಮಾಡುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ. ಆದರೂ ಇಸಿಜಿ ಮಾಡಿಸಿಕೋ. ಅಪ್ಪನ ವಯಸ್ಸನ್ನೂ ಅವನಿಗಿದ್ದ ನೋವನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳು. ರಾತ್ರಿ ಹೊತ್ತು ಆ ಪುಸ್ತಕಗಳನ್ನು ಓದಬೇಡ ಎಂದೂ ಹೇಳಬೇಕೆನಿಸುತ್ತದೆ, ಕೇಳುವೆಯೋ ಕಾಣೆ. ತಪಾಸಣೆಯ ದಿನವನ್ನು ಮಾತ್ರ ತಿಳಿಸು. ನಾನು ಹಿಂದಿನ ರಾತ್ರಿಯ ಬಸ್ಸು ಹತ್ತಿ ಬಂದು, ನೀನು ಈಚೆ ಬರುವವರೆಗೆ ಬಾಗಿಲ ಹೊರಗೆ ಕುಳಿತಿರುತ್ತೇನೆ.

ಇಂತು,
ನಿನ್ನ ಅತ್ತೆ